ಹಾಜರಿ ಪುಸ್ತಕ ಹೇಳದ ಮಾತು

ಹುಬ್ಬಳ್ಳಿ-ಧಾರವಾಡ ಅವಳಿ ನಗರಗಳ ನಡುವಿನ ರಾಯಾಪುರ ಎಂದೊಡನೆ ನೆನಪಾಗುವುದು ಅಲ್ಲಿನ ಅಕ್ಷಯಪಾತ್ರ ಅಡುಗೆಮನೆ. ಸುತ್ತಲಿನ ಶಾಲೆಗಳಿಗೆ ಬಿಸಿಯೂಟ ಹೊರಡುವುದು ಇಲ್ಲಿಂದ. ಎಷ್ಟು ಶಾಲೆ, ಎಷ್ಟು ಮಕ್ಕಳು, ಎಷ್ಟು ಅಕ್ಕಿ-ಬೇಳೆ ಎಂಬುದಕ್ಕೆಲ್ಲ ಲೆಕ್ಕ ಉಂಟು. ಆದರೆ ಉಂಡ ಮಗುವಿಗೆ ಊಟ ಹಿಡಿಸಿತೇ? ಪಕ್ಕದಲ್ಲಿ ಯಾರು ಕುಳಿತರು? ಉಂಡ ಮೇಲೆ ತರಗತಿಗೆ ಮರಳಲು ಮನಸ್ಸಿತ್ತೇ? ಇದು ಯಾವ ರಜಿಸ್ಟರಿನಲ್ಲೂ ಸಿಗದು. ಮಗುವನ್ನೇ ಕೇಳಬೇಕು.

ಕೇಳುವುದೇನು ಮಹಾ ಎನ್ನಬಹುದು. ಕಷ್ಟ ಇರುವುದೇ ಅಲ್ಲಿ. ನಮ್ಮ ಶಾಲೆಗಳಲ್ಲಿ ಹೊರಗಿನವರು ಬಂದು ಪ್ರಶ್ನೆ ಕೇಳಿದರೆ ಮಕ್ಕಳ ಪಾಲಿಗೆ ಅದು ಇನ್‌ಸ್ಪೆಕ್ಷನ್. 'ಸಾಲಿ ಚಲೋ ಐತೇನು?' ಎಂದು ಮಾಸ್ತರರ ಎದುರು ಕೇಳಿದರೆ ಇಡೀ ತರಗತಿ 'ಹೌದ್ರೀ ಸರ್' ಎನ್ನುತ್ತದೆ. ಅದರಲ್ಲಿ ಅನುಭವಕ್ಕಿಂತ ಶಿಸ್ತೇ ಹೆಚ್ಚು.

ಆದ್ದರಿಂದಲೇ ಸಂಶೋಧಕರು ಸಂದರ್ಶನಕ್ಕೆ ಕೆಲವು ನಿಯಮ ಹಾಕಿಕೊಂಡಿದ್ದಾರೆ. ಪಾಲಕರ ಒಪ್ಪಿಗೆಯಷ್ಟೇ ಸಾಲದು, ಮಗುವೂ ಒಪ್ಪಬೇಕು. ಬೇಡವೆನಿಸಿದರೆ ಎದ್ದು ಹೋಗಲು ಬಿಡಬೇಕು. ಶಿಕ್ಷಕರ ಕಿವಿಗೆ ಬೀಳುವಂತಿರಬಾರದು. ಹಾಗೆಂದು ಕದ ಮುಚ್ಚಿದ ಕೋಣೆಯೂ ಸಲ್ಲದು. ಎಲ್ಲರಿಗೂ ಕಾಣುವ ಮರದ ನೆರಳು ಲೇಸು. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆಗಿಂತ 'ನಿನ್ನೆ ಸಾಲ್ಯಾಗ ಏನೇನಾತು ಹೇಳು' ಎಂದರೆ ಮಾತು ತಾನಾಗಿ ಹರಿಯುತ್ತದೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗು ಪುಸ್ತಕದ ಕನ್ನಡಕ್ಕೆ ಮೌನವಾದರೆ, ಹೇಳಲು ಏನೂ ಇಲ್ಲವೆಂದು ತಿಳಿಯಬಾರದು. ವರದಿಯಲ್ಲಿ ಹೆಸರು ಬದಲಿಸಬೇಕು. ದೂರು ಹೇಳಿದ ಮಗು ನಾಳೆ ಅದೇ ತರಗತಿಯಲ್ಲಿ ಕೂರಬೇಕಲ್ಲ! ಮಗುವಿಗೆ ಅಪಾಯವಿದೆಯೆಂದು ತಿಳಿದರೆ ಮಾತ್ರ ಗುಟ್ಟು ಬಿಟ್ಟು ನೆರವು ಕೊಡಿಸಬೇಕು. ಇದನ್ನು ಮೊದಲೇ ತಿಳಿಸಿರಬೇಕು.

ಹೀಗೆ ತಾಳ್ಮೆಯಿಂದ ಕೇಳಿದಾಗ ಎಂಥ ಸಂಗತಿ ಹೊರಬೀಳುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆಯಿದೆ. ಪಾಲ್ ವಿಲ್ಲಿಸ್ ಅಲ್ಲಿನ ಕಾರ್ಮಿಕರ ಮನೆಯ 12 ಹುಡುಗರೊಡನೆ ಬೆರೆತು ಮಾತಾಡಿ 1977ರಲ್ಲಿ ಪುಸ್ತಕ ಪ್ರಕಟಿಸಿದರು. ಶಾಲೆಯ ಕಣ್ಣಿಗೆ ಪುಂಡರಾಗಿದ್ದ ಅವರಿಗೆ ತಮ್ಮದೇ ಲೆಕ್ಕಾಚಾರವಿತ್ತು: ಓದಿದರೂ ತಮ್ಮಂಥವರ ಬದುಕು ಬದಲಾಗದು. ಆ ತಿರಸ್ಕಾರವೇ ಅವರನ್ನು ಅಪ್ಪಂದಿರಂತೆ ಕಾರ್ಖಾನೆಗೆ ಒಯ್ದಿತು. ನೆರೆಯ ಅವಿಭಜಿತ ಆಂಧ್ರದಲ್ಲಿ 2002ರಲ್ಲಿ ಆರಂಭವಾದ 'ಯಂಗ್ ಲೈವ್ಸ್' ಅಧ್ಯಯನ ಸುಮಾರು 3,000 ಮಕ್ಕಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ಭೇಟಿ ಮಾಡಿತು. ಕರ್ನಾಟಕದಲ್ಲಿ ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ 'ಭೀಮ ಸಂಘ'ದ ಸದಸ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾವೇ ಸಮೀಕ್ಷೆಗಳನ್ನು ನಡೆಸಿದರು.

ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಎಂದು 1989ರ ವಿಶ್ವಸಂಸ್ಥೆ ಒಡಂಬಡಿಕೆಯ 12ನೇ ವಿಧಿ ಸಾರುತ್ತದೆ. ಭಾರತ ಇದನ್ನು 1992ರಲ್ಲಿ ಒಪ್ಪಿಕೊಂಡಿದೆ. ಶಾಲೆ ತಪ್ಪಿಸುವ ಹುಡುಗಿಯ ಹೆಸರಿನ ಮುಂದೆ ಹಾಜರಿ ಪುಸ್ತಕದಲ್ಲಿ ಬೀಳುವುದು ಗೈರುಹಾಜರಿಯ ಗುರುತು ಮಾತ್ರ. ತಮ್ಮನನ್ನು ನೋಡಿಕೊಳ್ಳಬೇಕಾಯಿತೇ, ಶೌಚಾಲಯಕ್ಕೆ ಬೀಗವಿತ್ತೇ, ಪೆಟ್ಟಿನ ಭಯವೇ ಎಂಬುದನ್ನು ಅವಳೇ ಹೇಳಬೇಕು. ಅದು ತಿಳಿದಾಗಲೇ ಅವಳನ್ನು ಮರಳಿ ಕರೆತರುವ ದಾರಿಯೂ ತಿಳಿದೀತು.