ಕೇಂದ್ರದ ಆಯ್ಕೆ: ಸಾಹಿತ್ಯಾಧ್ಯಯನದಲ್ಲಿ ಮನೋನಕ್ಷೆಯ ಬಳಕೆ

೧

ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇಂದು ಎದುರಾಗುವ ತೊಡಕು ಆಕರಗಳ ಕೊರತೆಗಿಂತ ಹೆಚ್ಚಾಗಿ ಆಕರಗಳ ಜೋಡಣೆಗೆ ಸಂಬಂಧಿಸಿದುದು. ಗ್ರಂಥಾಲಯದಿಂದಲೂ ಕ್ಷೇತ್ರಕಾರ್ಯದಿಂದಲೂ ಸಂಗ್ರಹಿಸಿದ ಟಿಪ್ಪಣಿಗಳು ನೂರಾರು ಚೀಟಿಗಳಲ್ಲಿ ಉಳಿಯುತ್ತವೆ. ಅವುಗಳನ್ನು ಅಧ್ಯಾಯಗಳಾಗಿ ವಿಂಗಡಿಸಲು ಕುಳಿತಾಗ ಜೀವನ, ಕೃತಿಗಳು, ವಸ್ತು, ಭಾಷೆ, ಉಪಸಂಹಾರ ಎಂಬ ಸಿದ್ಧ ಚೌಕಟ್ಟೇ ಮೊದಲು ಕೈಗೆ ಸಿಗುತ್ತದೆ. ಆ ಚೌಕಟ್ಟಿನಲ್ಲಿ ಹಿಡಿಯದ ಟಿಪ್ಪಣಿಗಳು ಅನುಬಂಧಕ್ಕೆ ಸರಿಯುತ್ತವೆ, ಇಲ್ಲವೇ ಚೀಟಿಗಳಲ್ಲೇ ಉಳಿದುಬಿಡುತ್ತವೆ. ಹೀಗೆ ಪ್ರಶ್ನೆ ರೂಪುಗೊಳ್ಳುವ ಮೊದಲೇ ಉತ್ತರದ ಆಕಾರ ನಿಶ್ಚಯವಾಗಿರುತ್ತದೆ.

ಈ ಹಿನ್ನೆಲೆಯಲ್ಲಿ ಇಂಗ್ಲಿಷಿನಲ್ಲಿ 'ಮೈಂಡ್ ಮ್ಯಾಪ್' ಎಂದು ಕರೆಯಲಾಗುವ ವಿಧಾನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಅದಕ್ಕೆ 'ಮನೋನಕ್ಷೆ' ಎಂಬ ಪದವನ್ನು ಬಳಸಲಾಗಿದೆ. ಈ ವಿಧಾನವನ್ನು ಸಾಮಾನ್ಯವಾಗಿ ನೆನಪಿನ ಉಪಾಯವೆಂದು, ಪರೀಕ್ಷೆಯ ಸಿದ್ಧತೆಗೆ ಸಹಾಯಕವೆಂದು ಪರಿಚಯಿಸಲಾಗುತ್ತದೆ. ಸಾಹಿತ್ಯದ ವಿದ್ಯಾರ್ಥಿಗೆ ಅದರ ಪ್ರಯೋಜನ ಬೇರೆಯೇ ಇದೆ. ನಕ್ಷೆ ಬರೆಯುವವರು ಹಾಳೆಯ ನಡುವೆ ಏನನ್ನು ಇಡುತ್ತಾರೆ ಎಂಬುದು ಈಗಾಗಲೇ ಒಂದು ವ್ಯಾಖ್ಯಾನ. ಆ ವ್ಯಾಖ್ಯಾನವನ್ನು ಮನೋನಕ್ಷೆಯು ಕಣ್ಣಿಗೆ ಕಾಣಿಸುತ್ತದೆ. ಕಂಡದ್ದನ್ನು ಪ್ರಶ್ನಿಸಲು ಸಾಧ್ಯವಾಗುತ್ತದೆ.

೨

ಮನೋನಕ್ಷೆಯನ್ನು ಜನಪ್ರಿಯಗೊಳಿಸಿದವನು ಇಂಗ್ಲೆಂಡಿನ ಟೋನಿ ಬುಝಾನ್ (೧೯೪೨-೨೦೧೯). ೧೯೭೪ರಲ್ಲಿ ಬಿಬಿಸಿ ದೂರದರ್ಶನ ಮಾಲಿಕೆ ಹಾಗೂ ಅದೇ ಹೆಸರಿನ ಪುಸ್ತಕದ ಮೂಲಕ ಆತ ಈ ವಿಧಾನವನ್ನು ಪ್ರಚಾರಕ್ಕೆ ತಂದನು. ಅದರ ನಿಯಮಗಳು ಸರಳ. ಅಡ್ಡವಾಗಿ ಇಟ್ಟ ಖಾಲಿ ಹಾಳೆಯ ನಡುವೆ ವಿಷಯವನ್ನು ಒಂದು ಚಿತ್ರವಾಗಿಯೋ ಪದವಾಗಿಯೋ ಬರೆಯಬೇಕು. ಅದರಿಂದ ಮುಖ್ಯ ಕೊಂಬೆಗಳನ್ನೂ ಅವುಗಳಿಂದ ಉಪಕೊಂಬೆಗಳನ್ನೂ ಎಳೆಯಬೇಕು. ಪ್ರತಿ ಕೊಂಬೆಯ ಮೇಲೆ ಒಂದೇ ಪದವಿರಬೇಕು, ಬಣ್ಣಗಳನ್ನು ಬಳಸಬೇಕು.

ಇದಕ್ಕೆ ಸಮೀಪದ ಇನ್ನೊಂದು ವಿಧಾನ 'ಪರಿಕಲ್ಪನಾ ನಕ್ಷೆ'. ಇದನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಆತನ ಸಂಗಡಿಗರು ೧೯೭೦ರ ದಶಕದಲ್ಲಿ ರೂಪಿಸಿದರು. ಮನೋನಕ್ಷೆಯಲ್ಲಿ ಗೆರೆ ಬರಿಯ ಗೆರೆ. ಪರಿಕಲ್ಪನಾ ನಕ್ಷೆಯಲ್ಲಾದರೋ ಎರಡು ಪದಗಳನ್ನು ಕೂಡಿಸುವ ಗೆರೆಯ ಮೇಲೆ ಸಂಬಂಧವನ್ನು ಸೂಚಿಸುವ ಮಾತು ಇರಲೇಬೇಕು. ಅಲ್ಲದೆ ಒಂದು ಕೊಂಬೆಯಿಂದ ಇನ್ನೊಂದು ಕೊಂಬೆಗೆ ಅಡ್ಡಗೆರೆಗಳನ್ನೂ ಎಳೆಯಬಹುದು. ಈ ವ್ಯತ್ಯಾಸದ ಮಹತ್ವ ಮುಂದೆ ತಿಳಿದುಬರುತ್ತದೆ.

೩

ಚದುರಿದ ಸಾಮಗ್ರಿಯನ್ನು ಒಂದು ವಿನ್ಯಾಸಕ್ಕೆ ತರುವ ಕೆಲಸ ಕನ್ನಡ ಪರಂಪರೆಗೆ ಹೊಸದಲ್ಲ. ವಚನಗಳ ಸಂಕಲನದ ಚರಿತ್ರೆಯೇ ಇದಕ್ಕೆ ಉತ್ತಮ ನಿದರ್ಶನ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಆರು ಲಿಂಗಗಳು, ಆರು ಭಕ್ತಿಗಳು, ಪೃಥ್ವಿಯೇ ಮೊದಲಾದ ಆರು ಅಂಗಗಳು ಕ್ರಮವಾಗಿ ಹೊಂದಿಕೊಳ್ಳುತ್ತವೆ. ಭಕ್ತಸ್ಥಲಕ್ಕೆ ಆಚಾರಲಿಂಗ, ಶ್ರದ್ಧಾಭಕ್ತಿ, ಪೃಥ್ವಿ. ಐಕ್ಯಸ್ಥಲಕ್ಕೆ ಮಹಾಲಿಂಗ, ಸಮರಸಭಕ್ತಿ, ಆತ್ಮ. ಇಂತಹ ಹೊಂದಾಣಿಕೆಯನ್ನು ವಾಕ್ಯಗಳಲ್ಲಿ ಓದುವುದಕ್ಕಿಂತ ಕೋಷ್ಟಕವಾಗಿ ನೋಡಿದಾಗ ಗ್ರಹಿಕೆ ಸುಲಭವೆಂಬುದು ಈ ಭಾಗವನ್ನು ಪಾಠಮಾಡಿದವರೆಲ್ಲರ ಅನುಭವಕ್ಕೆ ಬಂದಿರುವ ಸಂಗತಿ.

ಇನ್ನೂ ಮುಖ್ಯವಾದುದು, ಒಂದೇ ವಚನರಾಶಿ ಬೇರೆ ಬೇರೆ ಕಾಲಗಳಲ್ಲಿ ಬೇರೆ ಬೇರೆ ವಿನ್ಯಾಸಗಳನ್ನು ಪಡೆದುದು. ಹದಿನೈದನೆಯ ಶತಮಾನದಲ್ಲಿ ಮಹಾಲಿಂಗದೇವ, ಜಕ್ಕಣಾರ್ಯರು ವಚನಗಳನ್ನು ನೂರೊಂದು ಸ್ಥಲಗಳ ಅಡಿಯಲ್ಲಿ ಜೋಡಿಸಿದರು. ಅಲ್ಲಿ ಕೇಂದ್ರದಲ್ಲಿರುವುದು ತತ್ತ್ವ. ವಚನಕಾರರು ಅದರ ಸಾಕ್ಷಿಗಳು. ಅದೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನು 'ಶೂನ್ಯಸಂಪಾದನೆ'ಯಲ್ಲಿ ವಚನಗಳನ್ನು ಸಂವಾದಗಳಾಗಿ ಪೋಣಿಸಿದನು. ಅಲ್ಲಿ ಕೇಂದ್ರದಲ್ಲಿರುವವನು ಅಲ್ಲಮಪ್ರಭು. ಬಸವಣ್ಣ, ಅಕ್ಕಮಹಾದೇವಿ, ಸಿದ್ಧರಾಮ ಮೊದಲಾದವರು ಅವನೊಡನೆ ಮುಖಾಮುಖಿಯಾಗುವ ಮೂಲಕವೇ ನಮಗೆ ಎದುರಾಗುತ್ತಾರೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಪ್ರಕಟಿಸಿದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯವು ವಚನಕಾರರನ್ನೇ ಘಟಕವಾಗಿ ಇಟ್ಟುಕೊಂಡಿದೆ.

ಅಕ್ಕನ ಒಂದು ವಚನವನ್ನು ಈ ಮೂರೂ ಕಡೆ ಓದಿದರೆ ಪಠ್ಯ ಬಹುಮಟ್ಟಿಗೆ ಒಂದೇ ಆಗಿದ್ದರೂ ಅರ್ಥದ ಒತ್ತು ಬದಲಾಗುತ್ತದೆ. ಸ್ಥಲಕಟ್ಟಿನಲ್ಲಿ ಅದು ಸಾಧನೆಯ ಒಂದು ಹಂತ. ಸಂಪಾದನೆಯಲ್ಲಿ ಅಲ್ಲಮನ ಪರೀಕ್ಷೆಗೆ ಕೊಟ್ಟ ಉತ್ತರ. ಸಮಗ್ರ ಸಂಪುಟದಲ್ಲಿ ಒಬ್ಬ ಕವಯಿತ್ರಿಯ ಅಭಿವ್ಯಕ್ತಿ. ಅಲ್ಲಮ ಮತ್ತು ಅಕ್ಕ ಇಬ್ಬರ ಹೆಸರಿನೊಂದಿಗೂ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿ, ಉಡುತಡಿಗಳು ಸೇರಿಕೊಂಡಿವೆ. ಆದರೆ ಈ ಪ್ರಾದೇಶಿಕ ನಂಟನ್ನು ಕೇಂದ್ರಕ್ಕೆ ತಂದು ವಚನಗಳನ್ನು ಜೋಡಿಸಿದರೆ ನಾಲ್ಕನೆಯ ವಿನ್ಯಾಸವೊಂದು ಹುಟ್ಟುತ್ತದೆ. ಜೋಡಣೆಯು ವ್ಯಾಖ್ಯಾನವೂ ಹೌದು ಎಂಬುದನ್ನು ನಮ್ಮ ಸಂಕಲನಕಾರರೇ ತೋರಿಸಿಕೊಟ್ಟಿದ್ದಾರೆ.

೪

ಆಧುನಿಕ ಕೃತಿಯೊಂದನ್ನು ನೋಡೋಣ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (೧೯೬೭) ಕಾದಂಬರಿಯನ್ನು ಪಾಠಮಾಡುವಾಗ ವಿದ್ಯಾರ್ಥಿಗಳು ಹೇಳುವ ಮೊದಲ ಕಷ್ಟ ಪಾತ್ರಗಳ ಸಂಖ್ಯೆ. ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು, ಮೇಗರವಳ್ಳಿ, ತೀರ್ಥಹಳ್ಳಿಗಳ ನಡುವೆ ಕತೆ ಓಡಾಡುತ್ತದೆ. ಮನೋನಕ್ಷೆಗೆ ಇದಕ್ಕಿಂತ ತಕ್ಕ ಕೃತಿ ಇಲ್ಲವೆಂದು ತೋರುವುದು ಸಹಜ. ಆದರೆ ಹಾಳೆಯ ನಡುವೆ ಯಾರನ್ನು ಬರೆಯಬೇಕು ಎಂಬಲ್ಲಿಗೆ ಕೆಲಸ ನಿಲ್ಲುತ್ತದೆ.

ಗುತ್ತಿಯನ್ನು ನಡುವೆ ಇಟ್ಟರೆ ಕಾದಂಬರಿ ಒಂದು ದೀರ್ಘ ಪಯಣವಾಗುತ್ತದೆ. ತಿಮ್ಮಿ, ಹುಲಿಯ ಎಂಬ ನಾಯಿ, ಕಾಡಿನ ದಾರಿಗಳು, ತುಂಗೆಯ ಪ್ರವಾಹ ಇವೆಲ್ಲ ಮುಖ್ಯ ಕೊಂಬೆಗಳಾಗುತ್ತವೆ. ಚಿನ್ನಮ್ಮ-ಮುಕುಂದಯ್ಯರ ಪ್ರಸಂಗ ಅಂಚಿಗೆ ಹೋಗುತ್ತದೆ. ಮದುವೆಯನ್ನು ನಡುವೆ ಇಟ್ಟರೆ ಗುತ್ತಿ-ತಿಮ್ಮಿ, ಮುಕುಂದಯ್ಯ-ಚಿನ್ನಮ್ಮ, ಐತ-ಪೀಂಚಲು ಈ ಜೋಡಿಗಳು ಸಮಾನಾಂತರವಾಗಿ ನಿಲ್ಲುತ್ತವೆ. ಜಾತಿ, ಒಡೆತನಗಳ ಭೇದದ ನಡುವೆಯೂ ಅವರ ಬಯಕೆಯ ಸಾಮ್ಯ ಕಾಣತೊಡಗುತ್ತದೆ. ಆದರೆ ಹುಲಿಯನಿಗೆ ಆ ನಕ್ಷೆಯಲ್ಲಿ ಜಾಗವೇ ಇರುವುದಿಲ್ಲ. ಒಡೆತನವನ್ನು ನಡುವೆ ಇಟ್ಟರೆ ಗೌಡರು, ಹೆಗ್ಗಡೆಗಳು ಮತ್ತು ಅವರ ಜೀತದಾಳುಗಳ ಸಂಬಂಧ ಸ್ಪಷ್ಟವಾಗುತ್ತದೆ. ಕಾಡು ಬರಿಯ ಹಿನ್ನೆಲೆಯಾಗಿಬಿಡುತ್ತದೆ.

ಯಾವ ನಕ್ಷೆಯೂ ತಪ್ಪಲ್ಲ, ಯಾವುದೂ ಸಾಕಾಗುವುದೂ ಇಲ್ಲ. ಶೀರ್ಷಿಕೆಯ ಮದುಮಗಳು ಯಾರೆಂಬ ಪ್ರಶ್ನೆಗೂ ಕೃತಿ ಒಂದೇ ಉತ್ತರವನ್ನು ಕೊಡುವುದಿಲ್ಲ. ಮುಖ್ಯ ಅಮುಖ್ಯವೆಂಬ ಶ್ರೇಣಿಯನ್ನೇ ನಿರಾಕರಿಸುವ ಘೋಷಣೆಯೊಂದಿಗೆ ಆರಂಭವಾಗುವ ಈ ಕೃತಿಯ ಎದುರು ಒಂದೇ ಕೇಂದ್ರದ ನಕ್ಷೆ ಸೋಲುತ್ತದೆ. ಬೋಧನೆಯ ದೃಷ್ಟಿಯಿಂದ ಈ ಸೋಲು ಅತ್ಯಂತ ಉಪಯುಕ್ತವಾದುದು. ತರಗತಿಯನ್ನು ಮೂರು ಗುಂಪುಗಳಾಗಿಸಿ ಮೂರು ಕೇಂದ್ರಗಳನ್ನು ಕೊಟ್ಟು, ಬಳಿಕ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇರಿಸಿ, ತಮ್ಮ ನಕ್ಷೆಯಲ್ಲಿ ಯಾರಿಗೆ ಜಾಗ ಸಿಗಲಿಲ್ಲ ಎಂದು ಕೇಳಿದರೆ ಕಾದಂಬರಿಯ ರಚನೆಯ ಚರ್ಚೆ ಅಲ್ಲಿಂದಲೇ ಆರಂಭವಾಗುತ್ತದೆ.

೫

ಮನೋನಕ್ಷೆಯ ಎರಡನೆಯ ಮಿತಿ ಕೊಂಬೆಗಳಿಗೆ ಸಂಬಂಧಿಸಿದುದು. ಕವಲೊಡೆದ ಕೊಂಬೆಗಳು ಮತ್ತೆ ಕೂಡುವುದಿಲ್ಲ. ಆದರೆ ನಾವು ಅಧ್ಯಯನ ಮಾಡುವ ವಿಷಯಗಳು ಹೆಚ್ಚಾಗಿ ನದಿಗಳಂತೆ ಇರುತ್ತವೆ. ತುಂಗಾ ಭದ್ರಾ ನದಿಗಳೆರಡೂ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಒಂದು ಶಿವಮೊಗ್ಗ ನಗರವನ್ನೂ ಇನ್ನೊಂದು ಭದ್ರಾವತಿಯನ್ನೂ ಹಾದು, ಕೂಡಲಿಯಲ್ಲಿ ಮತ್ತೆ ಸೇರುತ್ತವೆ. ಈ ಸಂಗಮವನ್ನು ಮರದ ಆಕಾರದ ನಕ್ಷೆಯಲ್ಲಿ ತೋರಿಸಲಾಗದು, ಅಡ್ಡಗೆರೆ ಬೇಕು.

ಸ್ಥಳೀಯ ಚರಿತ್ರೆಯ ನಿಯೋಜಿತ ಕಾರ್ಯಕ್ಕೆ ಭದ್ರಾವತಿಯನ್ನೇ ಆರಿಸಿಕೊಂಡರೆ ಇದು ಸ್ಪಷ್ಟವಾಗುತ್ತದೆ. ೧೯೨೩ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯನ್ನು ನಡುವೆ ಬರೆದರೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡು, ಭದ್ರಾ ನದಿಯ ನೀರು, ಹೊರಗಿನಿಂದ ಬಂದು ನೆಲೆಸಿದ ಕಾರ್ಮಿಕರು, ಅವರ ಭಾಷೆಗಳು ಎಂದು ಕೊಂಬೆಗಳು ಒಡೆಯುತ್ತವೆ. ಕಾಡು ಎಂಬ ಕೊಂಬೆಯಿಂದ ೧೯೩೬ರಲ್ಲಿ ಸ್ಥಾಪನೆಯಾದ, ಈಗ ಉತ್ಪಾದನೆ ನಿಂತಿರುವ ಕಾಗದದ ಕಾರ್ಖಾನೆಗೆ ಒಂದು ಅಡ್ಡಗೆರೆ ಎಳೆಯಬೇಕಾಗುತ್ತದೆ. ಎರಡೂ ಕಾರ್ಖಾನೆಗಳು ಕಾಡನ್ನು ಅವಲಂಬಿಸಿದ್ದವು ಎಂಬ ಸಂಗತಿ ಆ ಗೆರೆಯಲ್ಲಿದೆ.

ಇಲ್ಲಿ ಕನ್ನಡದ ಸ್ವರೂಪವೂ ಗಮನಾರ್ಹ. ಕೊಂಬೆಗೆ ಒಂದೇ ಪದವೆಂಬ ಬುಝಾನನ ನಿಯಮದಂತೆ ಕಾಡು, ಇದ್ದಿಲು, ಕಬ್ಬಿಣ ಎಂದು ಮೂರು ಪ್ರಕೃತಿಗಳನ್ನು ಬರೆದರೆ ಅವುಗಳ ಸಂಬಂಧ ತಿಳಿಯುವುದಿಲ್ಲ. ಕನ್ನಡದಲ್ಲಿ ಆ ಸಂಬಂಧವನ್ನು ಹೊರುವುದು ವಿಭಕ್ತಿ. ಆದ್ದರಿಂದ ನೊವಾಕನ ನಿಯಮವನ್ನು ನಮ್ಮ ವ್ಯಾಕರಣಕ್ಕೆ ಹೊಂದಿಸಿ, ಪ್ರಕೃತಿಯನ್ನು ಕೊಂಬೆಯ ತುದಿಯಲ್ಲಿಯೂ ಪ್ರತ್ಯಯವನ್ನು ಅಥವಾ ಕ್ರಿಯಾಪದವನ್ನು ಗೆರೆಯ ಮೇಲೆಯೂ ಬರೆಯುವುದು ಸೂಕ್ತ. ಕಾಡು ಮತ್ತು ಇದ್ದಿಲಿನ ನಡುವೆ 'ಇಂದ', ಇದ್ದಿಲು ಮತ್ತು ಕುಲುಮೆಯ ನಡುವೆ 'ಗೆ', ಕುಲುಮೆ ಮತ್ತು ಕಬ್ಬಿಣದ ನಡುವೆ 'ಅಲ್ಲಿ ಕರಗಿ' ಎಂದು ಬರೆದಾಗ ನಕ್ಷೆಯ ಪ್ರತಿ ಗೆರೆಯೂ ಒಂದು ವಾಕ್ಯವಾಗುತ್ತದೆ. ಯಾವ ಪ್ರತ್ಯಯ ಹಾಕಬೇಕೆಂದು ತಿಳಿಯದಿದ್ದರೆ ವಿಷಯ ಇನ್ನೂ ಅರ್ಥವಾಗಿಲ್ಲವೆಂದೇ ತಿಳಿಯಬೇಕು.

ಪ್ರತ್ಯಯವಿಲ್ಲದ ಗೆರೆಗಳಿಂದ ಆಗುವ ಅಪಾಯಕ್ಕೂ ಇದೇ ಊರು ಉದಾಹರಣೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಾರ್ಖಾನೆಯ ನಕ್ಷೆಯಲ್ಲಿ ಕುಲುಮೆಯ ಪಕ್ಕದಲ್ಲಿ ಈ ಹೆಸರನ್ನು ಬರೆದು ಗೆರೆ ಎಳೆದರೆ, ಕುಲುಮೆಯ ಬೆಂಕಿಯಿಂದ ಹೆಸರು ಬಂದಿತೆಂಬ ಭಾವನೆ ಹುಟ್ಟುತ್ತದೆ. ಆದರೆ ಹೆಸರು ಕಾರ್ಖಾನೆಗಿಂತ ಹಳೆಯದು; ಅದು ವಂಕಿಪುರದ ರೂಪಾಂತರವೆಂದು ಹೇಳುವುದುಂಟು. ಹಾಳೆಯ ಮೇಲಿನ ಸಾಮೀಪ್ಯವನ್ನು ಕಾರಣವೆಂದು ಭ್ರಮಿಸುವ ಸಾಧ್ಯತೆ ಎಲ್ಲ ನಕ್ಷೆಗಳಲ್ಲಿಯೂ ಇದೆ.

೬

ಮನೋನಕ್ಷೆಯಿಂದ ಕಲಿಕೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಶಿಕ್ಷಣ ಮನೋವಿಜ್ಞಾನದ ಉತ್ತರ ಎಚ್ಚರಿಕೆಯಿಂದ ಕೂಡಿದೆ. ಮೆದುಳಿನ ಎಡಬಲ ಭಾಗಗಳ ಬಗೆಗೆ ಬುಝಾನನು ಹೇಳಿದ ಮಾತುಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ. ಇಂಗ್ಲೆಂಡಿನ ವೈದ್ಯಕೀಯ ವಿದ್ಯಾರ್ಥಿಗಳನ್ನು ಕುರಿತು ಪಾಲ್ ಫರಾಂಡ್ ಮತ್ತು ಸಂಗಡಿಗರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರದ ನಂತರದ ನೆನಪಿಗೆ ಈ ವಿಧಾನ ನೆರವಾದುದು ಕಂಡುಬಂದಿತು. ಆದರೆ ಅದನ್ನು ಬಳಸಿದವರಲ್ಲಿ ಉತ್ಸಾಹ ಕಡಿಮೆಯಿತ್ತು. ೨೦೧೧ರಲ್ಲಿ ಜೆಫ್ರಿ ಕಾರ್ಪಿಕೆ ಮತ್ತು ಜಾನೆಲ್ ಬ್ಲಂಟ್ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಪಠ್ಯವನ್ನು ಎದುರಿಗಿಟ್ಟುಕೊಂಡು ಪರಿಕಲ್ಪನಾ ನಕ್ಷೆ ಬರೆದವರಿಗಿಂತ ಪಠ್ಯವನ್ನು ಮುಚ್ಚಿಟ್ಟು ನೆನಪಿನಿಂದ ಬರೆದವರು ಹೆಚ್ಚು ಕಲಿತಿದ್ದರು.

ಇದರಿಂದ ಎರಡು ಸಂಗತಿಗಳು ಸಿದ್ಧಿಸುತ್ತವೆ. ಮೊದಲನೆಯದು, ಪುಸ್ತಕವನ್ನು ಮುಚ್ಚಿಟ್ಟು ನಕ್ಷೆ ಬರೆಯಬೇಕು. ಬರೆದ ಮೇಲೆ ಪುಸ್ತಕ ತೆರೆದು ಬಿಟ್ಟುಹೋದುದನ್ನು ಬೇರೆ ಬಣ್ಣದಲ್ಲಿ ಸೇರಿಸಬೇಕು. ಆ ಬಣ್ಣವೇ ಓದಿನ ಕೊರತೆಯನ್ನು ತೋರಿಸುತ್ತದೆ. ಎರಡನೆಯದು, ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆದುಕೊಟ್ಟ ಸಿದ್ಧ ನಕ್ಷೆಯನ್ನು ನಕಲು ಮಾಡಿಕೊಳ್ಳುವುದು ಗೈಡಿನಿಂದ ಟಿಪ್ಪಣಿ ಇಳಿಸಿಕೊಳ್ಳುವುದಕ್ಕಿಂತ ಮೇಲಲ್ಲ. ಕೇಂದ್ರವನ್ನು ಆರಿಸುವ ಶ್ರಮ ವಿದ್ಯಾರ್ಥಿಯದೇ ಆಗಿರಬೇಕು.

ಸಂಶೋಧನ ವಿದ್ಯಾರ್ಥಿಗೆ ಈ ವಿಧಾನ ಅಧ್ಯಾಯ ವಿಂಗಡಣೆಗೆ ಮೊದಲು ಬೇಕು. ಸಂಗ್ರಹಿಸಿದ ಟಿಪ್ಪಣಿಗಳಿಗೆ ಕನಿಷ್ಠ ಮೂರು ಕೇಂದ್ರಗಳಿಂದ ಮೂರು ನಕ್ಷೆಗಳನ್ನು ಬರೆದು, ಮೂರರಲ್ಲಿಯೂ ಅಂಚಿಗೆ ಬಿದ್ದ ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಪಟ್ಟಿಮಾಡಬೇಕು. ಅವು ನಿರುಪಯುಕ್ತವಾಗಿರಬಹುದು, ಈವರೆಗೆ ಯಾರೂ ಕೇಳದಿರುವ ಪ್ರಶ್ನೆ ಅವುಗಳಲ್ಲಿ ಅಡಗಿಯೂ ಇರಬಹುದು. ಮಾರ್ಗದರ್ಶಕರೊಡನೆ ಚರ್ಚಿಸುವಾಗ ಸಿದ್ಧ ಅಧ್ಯಾಯಗಳ ಪಟ್ಟಿಯ ಬದಲು ಈ ಮೂರು ಹಾಳೆಗಳನ್ನು ಎದುರಿಗಿಟ್ಟುಕೊಂಡರೆ, ಯಾವ ಕೇಂದ್ರವನ್ನು ಏಕೆ ಆರಿಸಲಾಯಿತು ಎಂಬುದಕ್ಕೆ ಪ್ರಬಂಧದ ಪ್ರಸ್ತಾವನೆಯಲ್ಲಿ ಉತ್ತರ ಕೊಡಬೇಕಾದ ಹೊಣೆ ತಾನಾಗಿಯೇ ಬರುತ್ತದೆ.