ದೋಣಿಯ ಹಲಗೆಗೆ ಹದವಾಗಿ ಒಣಗಿದ ಮರ

ಕರಾವಳಿಯ ನದಿಗಳ ನಡುವಿನ ಕುದ್ರುಗಳಲ್ಲಿ ಸಾಗುವಳಿ ಮಾಡುವ ರೈತರಿಗೆ ದೋಣಿಯೂ ನೇಗಿಲಿನಷ್ಟೇ ಅಗತ್ಯವಾದ ಸಾಧನ. ಗೊಬ್ಬರ, ಹುಲ್ಲು, ತೆಂಗಿನಕಾಯಿ ಎಲ್ಲವೂ ಅದರಲ್ಲಿಯೇ ಹೊಳೆ ದಾಟಬೇಕು. ಹೊಸ ದೋಣಿ ಒಂದೆರಡು ವರ್ಷಗಳಲ್ಲಿಯೇ ಸೋರತೊಡಗಿದರೆ ದೂರು ಬಡಗಿಯ ಮೇಲೆ ಬರುತ್ತದೆ. ಅನೇಕ ವೇಳೆ ದೋಷವಿರುವುದು ಕೆಲಸದಲ್ಲಲ್ಲ, ಹಲಗೆಯಲ್ಲಿದ್ದ ತೇವಾಂಶದಲ್ಲಿ.

ಹಸಿ ಮರ ಒಣಗುವಾಗ ಕೋಶಗಳ ಪೊಳ್ಳಿನಲ್ಲಿರುವ ನೀರು ಮೊದಲು ಹೊರಹೋಗುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶವು ಶೇಕಡಾ 25ರಿಂದ 30ಕ್ಕೆ ಇಳಿದ ಮೇಲೆ ಕೋಶಭಿತ್ತಿಯ ನೀರು ಹೋಗತೊಡಗುತ್ತದೆ. ಕುಗ್ಗುವಿಕೆ ಅಲ್ಲಿಂದ ಪ್ರಾರಂಭ. ಉದ್ದದಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ, ಅಗಲದಲ್ಲಿ ಗಣನೀಯ. ಆದುದರಿಂದ ಹಸಿ ಹಲಗೆಯ ದೋಣಿಯನ್ನು ಬೇಸಿಗೆಯಲ್ಲಿ ದಡಕ್ಕೆ ಎಳೆದಿಟ್ಟರೆ ಸಂದುಗಳು ಬಾಯಿಬಿಡುತ್ತವೆ. ಶೇಕಡಾ 20ಕ್ಕಿಂತ ಹೆಚ್ಚು ತೇವವಿರುವ ಮರಕ್ಕೆ ಕೊಳೆಯುವ ಶಿಲೀಂಧ್ರವೂ ಬೇಗ ತಗಲುತ್ತದೆ.

ಹಾಗೆಂದು ಒಣಗಿದಷ್ಟೂ ಒಳ್ಳೆಯದೆಂಬ ಭಾವನೆ ದೋಣಿಯ ಮಟ್ಟಿಗೆ ಸರಿಯಲ್ಲ. ಮೇಜು ಕುರ್ಚಿಗಳಿಗಾಗಿ ಬಿಸಿಗಾಳಿಯ ಕೋಣೆಯಲ್ಲಿ ಶೇಕಡಾ 8ರಿಂದ 12ರವರೆಗೆ ಒಣಗಿಸಿದ ಹಲಗೆ ನೀರಿಗಿಳಿದೊಡನೆ ಉಬ್ಬುತ್ತದೆ. ಪಕ್ಕದ ಹಲಗೆಗಳು ಒಂದನ್ನೊಂದು ಒತ್ತಿ ಅಂಚುಗಳು ಜಜ್ಜಿಹೋಗುತ್ತವೆ, ಮೊಳೆ ಸಡಿಲವಾಗುತ್ತದೆ. ಜಜ್ಜಿದ ಅಂಚು ಮತ್ತೆ ಒಣಗಿದಾಗ ಮೊದಲಿನ ಅಗಲಕ್ಕೆ ಬರುವುದಿಲ್ಲ. ಬೆಲೆ ಹೆಚ್ಚು ಕೊಟ್ಟು ತಂದ ಮರವೂ ಹೀಗೆ ಸೋರುವುದುಂಟು. ದೋಣಿಗೆ ಬೇಕಾದದ್ದು ಶೇಕಡಾ 15ರ ಆಸುಪಾಸಿನ ತೇವ. ಕರಾವಳಿಯ ಗಾಳಿಯಲ್ಲಿ ನೆರಳಿನಲ್ಲಿ ಪೇರಿಸಿದ ಹಲಗೆ ತಾನಾಗಿಯೇ ಹೆಚ್ಚುಕಡಿಮೆ ಈ ಹದಕ್ಕೆ ಬಂದು ನಿಲ್ಲುತ್ತದೆ.

ಹೆಬ್ಬಲಸು, ತೇಗ, ಕಿರಾಲುಭೋಗಿ ಇವು ದೋಣಿಗೆ ಹೆಸರಾದ ಮರಗಳು. ಹೊರಸುತ್ತಿನ ಬಿಳಿ ಭಾಗವನ್ನು ಬಿಟ್ಟು ಚೇಗನ್ನೇ ಆರಿಸಬೇಕು. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

ಮಳೆಗಾಲ ಕಳೆದೊಡನೆ ಕೊಯ್ಯಿಸಿದರೆ ಒಣಹವೆಯ ಪೂರ್ಣ ಪ್ರಯೋಜನ ದೊರೆಯುತ್ತದೆ. ಗಾಳಿಯಾಡುವ ಚಪ್ಪರದಡಿಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ, ಹಲಗೆಗಳ ನಡುವೆ ಒಂದಂಗುಲ ದಪ್ಪದ ಪಟ್ಟಿಗಳನ್ನಿಟ್ಟು ಪೇರಿಸಬೇಕು. ಪಟ್ಟಿಗಳು ಒಂದರ ನೇರಕ್ಕೊಂದು ಬರದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ತುದಿಗಳಿಂದ ನೀರು ಬಹು ಬೇಗ ಆರಿ ಸೀಳು ಬಿಡುವುದರಿಂದ ಅಲ್ಲಿಗೆ ಡಾಂಬರು ಅಥವಾ ಸಗಣಿ ಬಳಿಯಬೇಕು. ಒಂದಂಗುಲದ ಹಲಗೆಗೆ ಹಲವು ತಿಂಗಳು ಹಿಡಿಯುತ್ತದೆ. ದಪ್ಪ ಎರಡರಷ್ಟಾದರೆ ಕಾಲ ಎರಡರಷ್ಟಕ್ಕಿಂತಲೂ ಹೆಚ್ಚು. ಅವಸರಪಟ್ಟು ಬಿಸಿಲಿಗೆ ಹಾಕಿದರೆ ಮೇಲ್ಮೈ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಮರ ಕೊಳ್ಳುವಾಗ ವ್ಯಾಪಾರಿಯ ಮಾತನ್ನೇ ನಂಬಬೇಕಾಗಿಲ್ಲ. ಹಲಗೆಯ ತುದಿಯಿಂದ ಒಂದಡಿ ಒಳಗೆ, ಅಡ್ಡಲಾಗಿ ಒಂದಂಗುಲದ ತುಂಡನ್ನು ಕೊಯ್ದು ಕೂಡಲೇ ತೂಗಬೇಕು. ಪ್ರಯೋಗಾಲಯದ ಒಲೆಯಲ್ಲಿ 103 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 58 ಗ್ರಾಂ ಇದ್ದದ್ದು 50 ಗ್ರಾಂ ಆದರೆ, ಹೋದ 8 ಗ್ರಾಂ ನೀರನ್ನು 50ರಿಂದ ಭಾಗಿಸಿ 100ರಿಂದ ಗುಣಿಸಿದಾಗ ತೇವಾಂಶ ಶೇಕಡಾ 16, ಕೊಳ್ಳಬಹುದು. ಈ ಸೌಕರ್ಯವಿಲ್ಲದ ಕಡೆ, ಪೇರಿಸಿದ ರಾಶಿಯ ಒಂದೇ ಹಲಗೆಯನ್ನು ಗುರುತಿಟ್ಟು ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಟ್ಟುಕೊಳ್ಳಬೇಕು. ಮಳೆಗಾಲವಲ್ಲದ ದಿನಗಳಲ್ಲಿ ಮೂರು ನಾಲ್ಕು ಬಾರಿ ತೂಕ ಇಳಿಯದೆ ನಿಂತಿತೆಂದರೆ ಬಡಗಿಯನ್ನು ಕರೆಯಬಹುದು.