ಮನೆಯ ಗಣಕಯಂತ್ರಕ್ಕೊಂದು ಪ್ರತಿ

ಓಲೆಯ ಗ್ರಂಥಕ್ಕೆ ಹುಳು ಹತ್ತುವ ಮೊದಲೇ ಮತ್ತೊಂದು ಪ್ರತಿಯನ್ನು ಬರೆಯಿಸಿಡುವುದು ನಮ್ಮ ಹಿರಿಯರ ವಾಡಿಕೆಯಾಗಿದ್ದಿತು. ಇಂದು ಮನೆಯ ಲೆಕ್ಕಪತ್ರಗಳೂ, ಮಕ್ಕಳ ಭಾವಚಿತ್ರಗಳೂ, ಅಗಲಿದವರ ಧ್ವನಿಯೂ ಗಣಕಯಂತ್ರದೊಳಗಿನ ಒಂದು ಡಿಸ್ಕನ್ನು ನಂಬಿಕೊಂಡಿವೆ. ಅದಕ್ಕೂ ಆಯುಸ್ಸುಂಟೆಂಬುದನ್ನು ನಾವು ಮರೆಯುತ್ತೇವೆ.

ಈ ಮರೆವಿನ ಫಲವನ್ನು ನಾವೇ ಉಂಡಿದ್ದೇವೆ. ಪ್ರತಿಯನ್ನೇನೋ ಮಾಡಿದ್ದೆವು, ಆದರೆ ಅದನ್ನು ಅದೇ ಡಿಸ್ಕಿನ ಇನ್ನೊಂದು ಭಾಗದಲ್ಲಿ ಇಟ್ಟಿದ್ದೆವು. ಡಿಸ್ಕು ಕೆಟ್ಟ ದಿನ ಮೂಲವೂ ಪ್ರತಿಯೂ ಜೊತೆಯಾಗಿಯೇ ಹೋದವು. ನಮ್ಮ ತಾಯಿಯವರು ಹಾಡಿದ ಹಸೆಯ ಹಾಡು ಅದರಲ್ಲಿದ್ದಿತು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸರು ಆರಂಭಿಸಿದ ಲಿನಕ್ಸ್ ಇಂತಹ ಕೆಲಸಕ್ಕೆ ಬಹಳ ಅನುಕೂಲವಾದುದು. ಅದರ ಏರ್ಪಾಡುಗಳೆಲ್ಲವೂ ಬಹುಮಟ್ಟಿಗೆ ಸಾಮಾನ್ಯ ಕಡತಗಳಲ್ಲಿಯೇ ಇರುವುದರಿಂದ ಇಡೀ ವ್ಯವಸ್ಥೆಯನ್ನು ಬೇರೊಂದು ಯಂತ್ರಕ್ಕೆ ಸಾಗಿಸಬಹುದು. ಇದಕ್ಕೆ ಮಾರ್ಗಗಳು ಎರಡು.

ಮೊದಲನೆಯದು, ಡಿಸ್ಕನ್ನು ಇದ್ದುದಿದ್ದಂತೆ ಅಚ್ಚೆತ್ತುವುದು. ‘ಡಿಡಿ’ ಎಂಬ ಆಜ್ಞೆ ಖಾಲಿ ಜಾಗವನ್ನೂ ಬಿಡದೆ ನಕಲಿಸುತ್ತದೆ. ತೈವಾನಿನಲ್ಲಿ ಸಿದ್ಧವಾದ ‘ಕ್ಲೋನ್‌ಜಿಲ್ಲಾ’ ಸಾಮಾನ್ಯವಾಗಿ ಬಳಕೆಯಲ್ಲಿರುವ ಭಾಗವನ್ನು ಮಾತ್ರ ನಕಲಿಸುತ್ತದೆ. ಯಂತ್ರವನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ, ಮೂಲದ ಡಿಸ್ಕು ಕೆಲಸದಲ್ಲಿಲ್ಲದಾಗ ಇದನ್ನು ಮಾಡಬೇಕು. ಹೊಸ ಡಿಸ್ಕು ಹಳೆಯದಕ್ಕಿಂತ ಚಿಕ್ಕದಾಗಿರಬಾರದು. ‘ಡಿಡಿ’ಯಲ್ಲಿ ಮೂಲದ ಹೆಸರೂ ಗುರಿಯ ಹೆಸರೂ ಅದಲುಬದಲಾದರೆ, ಬರಿಯ ಡಿಸ್ಕಿನ ಶೂನ್ಯವೇ ಮೂಲದ ಮೇಲೆ ಬರೆಯಲ್ಪಡುತ್ತದೆ! ಆದುದರಿಂದ ಎರಡು ಬಾರಿ ನೋಡಿಯೇ ಮುಂದುವರಿಯತಕ್ಕದ್ದು.

ಎರಡನೆಯದು, 1996ರಲ್ಲಿ ಹೊರಬಂದ ‘ಆರ್‌ಸಿಂಕ್’. ಇದು ಕಡತಗಳನ್ನು ಅವುಗಳ ಒಡೆತನ ಮತ್ತು ಅನುಮತಿಗಳೊಡನೆ ಸಾಗಿಸಬಲ್ಲುದು. ಮುಂದಿನ ಸಲ ಬದಲಾದುದನ್ನಷ್ಟೇ ಕೊಂಡೊಯ್ಯುತ್ತದೆ. ಪ್ರೋಕ್, ಸಿಸ್, ಡೆವ್, ರನ್ ಎಂಬ ಕೋಶಗಳೊಳಗಿರುವುದನ್ನು ಮಾತ್ರ ಬಿಡಬೇಕು. ಅವು ಯಂತ್ರ ನಡೆಯುವಾಗ ತೋರುವ ನೆರಳುಗಳೇ ಹೊರತು ಡಿಸ್ಕಿನ ಸ್ವತ್ತಲ್ಲ.

ಹೀಗೆ ಕಡತಗಳು ಬಂದ ಮಾತ್ರಕ್ಕೆ ಹೊಸ ಯಂತ್ರ ಎದ್ದು ನಿಲ್ಲುವುದಿಲ್ಲ. ಡಿಸ್ಕಿನ ಪ್ರತಿಯೊಂದು ವಿಭಾಗಕ್ಕೂ ತನ್ನದೇ ಗುರುತಿನ ಸಂಖ್ಯೆಯುಂಟು; ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಬರೆಯಬೇಕು. ಯಂತ್ರವನ್ನು ಎಬ್ಬಿಸುವ ‘ಗ್ರಬ್’ ಅನ್ನು ಮರಳಿ ಸ್ಥಾಪಿಸಬೇಕು. ಎರಡು ಯಂತ್ರಗಳೂ ಬಳಕೆಯಲ್ಲಿರುವುದಾದರೆ, ಯಾವ ಮಾರ್ಗದಿಂದ ನಕಲಿಸಿದ್ದರೂ, ಹೊಸದಕ್ಕೆ ಬೇರೆ ಹೆಸರನ್ನೂ ಬೇರೆ ಯಂತ್ರಗುರುತನ್ನೂ ಕೊಡತಕ್ಕದ್ದು; ಇಲ್ಲವಾದರೆ ಮನೆಯ ಜಾಲದಲ್ಲಿ ಎರಡಕ್ಕೂ ಒಂದೇ ವಿಳಾಸ ದೊರೆತು ತೊಡಕಾಗುವುದುಂಟು.

ಇನ್ನೊಂದು ಮಾತು. ಮೂಲದಲ್ಲಿ ಅಳಿಸಿದುದನ್ನು ಪ್ರತಿಯಲ್ಲಿಯೂ ಅಳಿಸುವಂತೆ ಏರ್ಪಡಿಸಿದ್ದರೆ, ನಮ್ಮ ತಪ್ಪೂ ಅದಕ್ಕೆ ಅಂಟುತ್ತದೆ. ಆದಕಾರಣ ತಾರೀಖು ಹಾಕಿದ ಹಳೆಯ ಪ್ರತಿಯೊಂದಿರಲಿ. ಒಂದು ಪ್ರತಿ ಬಂಧುಗಳ ಮನೆಯಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯಿಂದ ಯಂತ್ರವನ್ನು ಒಮ್ಮೆ ಎಬ್ಬಿಸಿ, ಒಂದು ಚಿತ್ರವನ್ನು ತೆರೆದು, ಒಂದು ಹಾಡನ್ನು ಕೇಳಿ ನೋಡಬೇಕು. ಪರೀಕ್ಷಿಸದ ಪ್ರತಿ ಬರಿಯ ನಂಬಿಕೆ. ಈಗ ನಮ್ಮ ಮನೆಯಲ್ಲಿ ತಿಂಗಳ ಮೊದಲನೆಯ ಭಾನುವಾರ ಈ ಪರೀಕ್ಷೆ ತಪ್ಪದೆ ನಡೆಯುತ್ತದೆ. ಹೋದ ಹಾಡು ಹೋಯಿತು, ಉಳಿದವನ್ನಾದರೂ ಕಾಪಾಡಿಕೊಂಡಿದ್ದೇವೆ.